ಕಸದ ಉಷ್ಣ ಪರಿವರ್ತನೆ: ಕ್ರಿಯಾವೇಗದ ಕಂಪ್ಯೂಟರ್ ಮಾದರಿ ಕಟ್ಟುವ ಬಗೆ

ಪಾಲಿಥೀನ್ ಚೂರೊಂದನ್ನು ಆಮ್ಲಜನಕವಿಲ್ಲದ ಕೋಣೆಯಲ್ಲಿ 450 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಹಾಗೆಯೇ ಹಿಡಿದಿಟ್ಟರೆ, ಅದರ ಅರ್ಧ ಭಾಗ ಆವಿಯಾಗಿ ಹೋಗಲು ಎಷ್ಟು ಹೊತ್ತು ಬೇಕು? ಸಕ್ರಿಯಣ ಶಕ್ತಿ (ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ಗೋಡೆ) ಮೋಲ್‌ಗೆ 240 ಕಿಲೋಜೂಲ್, ಪೂರ್ವಘಾತ ಗುಣಾಂಕ (ವೇಗದ ಸಮೀಕರಣದಲ್ಲಿ ಘಾತದ ಮುಂದೆ ಕೂರುವ ಗುಣಕ) ಸೆಕೆಂಡಿಗೆ 10ರ 15ನೇ ಘಾತ, ಕ್ರಿಯೆ ಮೊದಲ ದರ್ಜೆಯದು, ಅಂದರೆ ಉಳಿದಿರುವ ವಸ್ತುವಿನ ಪ್ರಮಾಣಕ್ಕೆ ತಕ್ಕ ವೇಗದ್ದು, ಎಂದು ಹಿಡಿದರೆ ಉತ್ತರ ಸುಮಾರು 150 ಸೆಕೆಂಡು. ತಾಪಮಾನವನ್ನು 500ಕ್ಕೆ ಏರಿಸಿದರೆ 11 ಸೆಕೆಂಡಿನಲ್ಲಿ ಅದೇ ಕೆಲಸ ಮುಗಿಯುತ್ತದೆ. ಈಗ ತಾಪಮಾನವನ್ನು 450ರಲ್ಲೇ ಬಿಟ್ಟು, ಸಕ್ರಿಯಣ ಶಕ್ತಿಯನ್ನು ಮಾತ್ರ ನೂರಕ್ಕೆ ಐದರಷ್ಟು ಇಳಿಸಿ 228 ಎಂದು ಬರೆಯಿರಿ. 150 ಇದ್ದದ್ದು 20 ಸೆಕೆಂಡಿಗೆ ಕುಸಿಯುತ್ತದೆ. ಏಳು ಪಟ್ಟು ವ್ಯತ್ಯಾಸ, ಅದೂ ಪ್ರಯೋಗಾಲಯದಲ್ಲಿ ಯಾರೂ ತಪ್ಪು ಎನ್ನದಷ್ಟು ಸಣ್ಣ ಬದಲಾವಣೆಯಿಂದ.

ಈ ಸಂಖ್ಯೆಗಳನ್ನು ಉದಾಹರಣೆಗೆಂದು ನಾನು ಆರಿಸಿದ್ದೇನೆ. ಪಾಲಿಥೀನ್‌ಗೆ ವರದಿಯಾಗುವ ಮೌಲ್ಯಗಳ ಆಸುಪಾಸಿನಲ್ಲೇ ಇವೆ. ಕ್ರಿಯಾವೇಗಕ್ಕೂ ತಾಪಮಾನಕ್ಕೂ ಇರುವ ನಂಟನ್ನು ಅರೀನಿಯಸ್ 1889ರಲ್ಲಿ ವಿವರಿಸಿದ ಸಮೀಕರಣದಲ್ಲಿ ಸಕ್ರಿಯಣ ಶಕ್ತಿ, ತಾಪಮಾನ ಎರಡೂ ಘಾತದ ಜಾಗದಲ್ಲಿ ಕುಳಿತಿವೆ, ಹಾಗಾಗಿ ಅಲ್ಲಿನ ಸಣ್ಣ ತಪ್ಪಿಗೂ ಬಡ್ಡಿ ಜಾಸ್ತಿ. ಪ್ರತಿಯೊಂದು ಸ್ಥಿರಾಂಕಕ್ಕೂ ಒಂದು ತವರು ಇರುತ್ತದೆ: ಯಾವ ತಾಪಮಾನಗಳ ನಡುವೆ, ಯಾವ ಕಾಯಿಸುವ ವೇಗದಲ್ಲಿ, ಎಷ್ಟು ಮಿಲಿಗ್ರಾಂ ವಸ್ತುವಿನಿಂದ ಅದು ಹುಟ್ಟಿತು ಎಂಬುದು. ಆ ತವರನ್ನು ಮರೆತು ಸಂಖ್ಯೆಯನ್ನು ಮಾತ್ರ ಎತ್ತಿಕೊಂಡು ಬಂದವರ ಮಾದರಿಗಳು ತೆರೆಯ ಮೇಲೆ ಚೆನ್ನಾಗಿಯೇ ಓಡುತ್ತವೆ. ಕಂಪ್ಯೂಟರ್ ಎಂದೂ ಇಲ್ಲ ಎನ್ನುವುದಿಲ್ಲ.

ಒಂದು ಪದದ ತಕರಾರನ್ನು ಮೊದಲೇ ಬಗೆಹರಿಸಿಕೊಳ್ಳೋಣ. ಕನ್ನಡದಲ್ಲಿ ಪರೀಕ್ಷೆಗೆ ತೆಗೆದ ತುಣುಕೂ ಮಾದರಿ, ಗಣಿತದ ಚೌಕಟ್ಟೂ ಮಾದರಿ. ಈ ಲೇಖನದಲ್ಲಿ ತುಣುಕನ್ನು ಸ್ಯಾಂಪಲ್ ಎಂದೂ ಗಣಿತವನ್ನು ಮಾದರಿ ಎಂದೂ ಕರೆಯುತ್ತೇನೆ.

ಹೆಜ್ಜೆ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ರಿಯಾಕ್ಟರಿನಲ್ಲಿ ಘನವಸ್ತು ಎಷ್ಟು ಹೊತ್ತು ಇರಬೇಕು ಎಂಬುದು ಒಂದು ಪ್ರಶ್ನೆ. ಹೊರಬರುವ ಅನಿಲದಲ್ಲಿ ಜಲಜನಕ ಎಷ್ಟು, ಕಾರ್ಬನ್ ಮಾನಾಕ್ಸೈಡ್ ಎಷ್ಟು ಎಂಬುದು ಇನ್ನೊಂದು. ಟಾರ್, ಅಂದರೆ ತಣಿದಾಗ ಅಂಟಾಗುವ ಭಾರದ ಆವಿ, ಎಷ್ಟು ಉಳಿಯುತ್ತದೆ ಎಂಬುದು ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು. ಮೊದಲನೆಯದಕ್ಕೆ ನಾಲ್ಕಾರು ಕ್ರಿಯೆಗಳ ಪುಟ್ಟ ಮಾದರಿ ಸಾಕು. ಮೂರನೆಯದಕ್ಕೆ ನೂರಾರು ಅಣುಗಳ ಲೆಕ್ಕ ಬೇಕಾದೀತು.

ಎರಡನೆಯ ಪ್ರಶ್ನೆಯಿದ್ದರೆ ಕ್ರಿಯಾವೇಗಕ್ಕೆ ಕೈಹಾಕುವ ಮುನ್ನ ಸಮತೋಲನದ ಲೆಕ್ಕ, ಅಂದರೆ ಬೇಕಾದಷ್ಟು ಹೊತ್ತು ಕೊಟ್ಟರೆ ಕ್ರಿಯೆಗಳು ಕೊನೆಗೆ ಎಲ್ಲಿ ನಿಲ್ಲುತ್ತವೆ ಎಂಬ ಲೆಕ್ಕ, ಮಾಡಿ ನೋಡಿ, ಅರ್ಧ ಗಂಟೆಯ ಕೆಲಸ. 850 ಡಿಗ್ರಿಯ ಅನಿಲೀಕರಣದಲ್ಲಿ (ಕಸವನ್ನು ಪೂರ್ತಿ ಸುಡದೆ ಉರಿಯುವ ಅನಿಲವಾಗಿಸುವುದು) ಸಮತೋಲನದ ಲೆಕ್ಕ ಮೀಥೇನ್ ಹೆಚ್ಚುಕಡಿಮೆ ಇಲ್ಲ, ಟಾರ್ ಇಲ್ಲವೇ ಇಲ್ಲ ಎಂದು ಹೇಳುತ್ತದೆ. ನಿಜವಾದ ಘಟಕದ ಅನಿಲದಲ್ಲಿ ಎರಡೂ ಇರುತ್ತವೆ. ಲೆಕ್ಕ ಹೇಳಿದ್ದಕ್ಕೂ ಅಳತೆ ಹೇಳಿದ್ದಕ್ಕೂ ನಡುವಿನ ಆ ಅಂತರವೇ ಕ್ರಿಯಾವೇಗದ ಪಾಲು. ಅಂತರ ಇಲ್ಲದ ಕಡೆ ಬೆವರು ಸುರಿಸುವ ಅಗತ್ಯವಿಲ್ಲ.

ಹೆಜ್ಜೆ 2: ಕಸವನ್ನು ಲೆಕ್ಕಕ್ಕೆ ಒಗ್ಗಿಸಿ

ಕಸಕ್ಕೆ ಅಣುಸೂತ್ರವಿಲ್ಲ. ಆದ್ದರಿಂದ ಎರಡು ಬಗೆಯ ವಿಶ್ಲೇಷಣೆ ಕೈಯಲ್ಲಿರಬೇಕು: ತೇವಾಂಶ, ಆವಿಯಾಗುವ ಭಾಗ, ಸ್ಥಿರ ಇಂಗಾಲ, ಬೂದಿ ಇವುಗಳ ಪಾಲು ಒಂದು, ಇಂಗಾಲ, ಜಲಜನಕ, ಸಾರಜನಕ, ಗಂಧಕ, ಕ್ಲೋರಿನ್, ಆಮ್ಲಜನಕ ಎಂಬ ಧಾತುಗಳ ಪಾಲು ಇನ್ನೊಂದು. ಎರಡನ್ನೂ ಒಣ ಹಾಗೂ ಬೂದಿರಹಿತ ಆಧಾರಕ್ಕೆ ತಂದುಕೊಳ್ಳಿ. ಆಮ್ಲಜನಕದ ಪಾಲನ್ನು ಸಾಮಾನ್ಯವಾಗಿ ಅಳೆದಿರುವುದಿಲ್ಲ, ನೂರರಿಂದ ಉಳಿದದ್ದನ್ನು ಕಳೆದು ಬರೆದಿರುತ್ತಾರೆ. ಉಳಿದ ಎಲ್ಲ ಅಳತೆಗಳ ತಪ್ಪೂ ಅದರ ತಲೆಯ ಮೇಲೆ ಬಂದು ಕೂತಿರುತ್ತದೆ.

ನಂತರ ಕಸವನ್ನು ಕೆಲವು ಪ್ರತಿನಿಧಿ ಘಟಕಗಳಾಗಿ ಒಡೆಯಬೇಕು. ಕಾಗದ, ಮರ, ಆಹಾರದ ಭಾಗಕ್ಕೆ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಪ್ಲಾಸ್ಟಿಕ್‌ಗೆ ಪಾಲಿಥೀನ್, ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್, ಪಿವಿಸಿ, ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್). ನಿಧಾನವಾಗಿ ಕಾಯಿಸಿದರೆ ಹೆಮಿಸೆಲ್ಯುಲೋಸ್ ಸುಮಾರು 220ರಿಂದ 315 ಡಿಗ್ರಿಯ ನಡುವೆ, ಸೆಲ್ಯುಲೋಸ್ 315ರಿಂದ 400ರ ನಡುವೆ ಒಡೆಯುತ್ತದೆ. ಲಿಗ್ನಿನ್‌ಗೆ ಅವಸರವಿಲ್ಲ, 200ರ ಒಳಗೇ ಶುರುಮಾಡಿ 800 ದಾಟಿದ ಮೇಲೂ ಎಳೆಯುತ್ತಿರುತ್ತದೆ.

ಪಿವಿಸಿಯ ವಿಷಯದಲ್ಲಿ ಎಚ್ಚರ ಬೇಕು. ಅದು ಎರಡು ಹಂತದಲ್ಲಿ ಒಡೆಯುತ್ತದೆ. ಮೊದಲು, 250ರಿಂದ 350 ಡಿಗ್ರಿಯ ಆಸುಪಾಸಿನಲ್ಲಿ, ಹೈಡ್ರೋಜನ್ ಕ್ಲೋರೈಡ್ ಬಿಟ್ಟುಕೊಡುತ್ತದೆ. ಶುದ್ಧ ಪಿವಿಸಿಯ ತೂಕದಲ್ಲಿ ನೂರಕ್ಕೆ 58ರಷ್ಟು ಇದೇ ಅನಿಲ. ಅದು ಪಕ್ಕದ ಸೆಲ್ಯುಲೋಸ್‌ನ ವಿಘಟನೆಯನ್ನೂ ಬದಲಿಸುತ್ತದೆ. ಬಿಡಿ ಘಟಕಗಳ ವಕ್ರರೇಖೆಗಳನ್ನು ತೂಕದ ಪಾಲಿನಂತೆ ಕೂಡಿಸಿದರೆ ಮಿಶ್ರಣದ ರೇಖೆ ಸಿಗುತ್ತದೆ ಎಂಬ ಊಹೆ ಇಲ್ಲಿ ಕೈಕೊಡುತ್ತದೆ. ಮಿಶ್ರಣವನ್ನೇ ಒಮ್ಮೆ ಅಳೆದು, ಕೂಡಿಸಿದ ರೇಖೆಯ ಪಕ್ಕದಲ್ಲಿಟ್ಟು ನೋಡದೆ ಮುಂದೆ ಹೋಗಬೇಡಿ.

ಹೆಜ್ಜೆ 3: ತೂಕ ಇಳಿಯುವ ರೇಖೆ

ಉಷ್ಣತೂಕ ವಿಶ್ಲೇಷಕ ಎಂಬ ಉಪಕರಣದಲ್ಲಿ ಕೆಲವು ಮಿಲಿಗ್ರಾಂ ಸ್ಯಾಂಪಲ್ಲನ್ನು ಸಾರಜನಕದ ಹರಿವಿನಲ್ಲಿ ನಿಗದಿತ ವೇಗದಲ್ಲಿ ಕಾಯಿಸುತ್ತಾ ಅದರ ತೂಕ ಇಳಿಯುವುದನ್ನು ಬರೆದುಕೊಳ್ಳುತ್ತಾರೆ. ಒಂದೇ ಕಾಯಿಸುವ ವೇಗದಲ್ಲಿ ತೆಗೆದ ರೇಖೆಯಿಂದ ಕ್ರಿಯಾವೇಗ ಕಂಡುಹಿಡಿಯಲು ಹೋಗಬಾರದು. ಯಾಕೆಂದು ಐದನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ. ಕನಿಷ್ಠ ಮೂರು, ಸಾಧ್ಯವಾದರೆ ಐದು ವೇಗಗಳು ಬೇಕು. ನಿಮಿಷಕ್ಕೆ 2, 5, 10, 20 ಕೆಲ್ವಿನ್ ಎಂಬಂತೆ ಅತಿ ಕಡಿಮೆಗೂ ಅತಿ ಹೆಚ್ಚಿಗೂ ನಡುವೆ ಹತ್ತು ಪಟ್ಟು ಅಂತರವಿದ್ದರೆ ಒಳ್ಳೆಯದು.

ಸ್ಯಾಂಪಲ್ ಹೆಚ್ಚಾದರೆ ಅದರ ಒಳಗೂ ಹೊರಗೂ ತಾಪಮಾನ ಬೇರೆಯಾಗುತ್ತದೆ. ಮಿಲಿಗ್ರಾಂನಲ್ಲಿ ತೂಕ, ನಿಮಿಷಕ್ಕೆ ಕೆಲ್ವಿನ್‌ನಲ್ಲಿ ವೇಗ ಇವೆರಡನ್ನು ಗುಣಿಸಿದಾಗ 100 ಮೀರಬಾರದು ಎಂಬ ಕೈಲೆಕ್ಕ ಈ ಕ್ಷೇತ್ರದಲ್ಲಿ ಬಳಕೆಯಲ್ಲಿದೆ. 20 ಕೆಲ್ವಿನ್ ವೇಗವಾದರೆ 5 ಮಿಲಿಗ್ರಾಂ. ಆದರೆ ಒಂದು ಟನ್ ಕಸವನ್ನು 5 ಮಿಲಿಗ್ರಾಂನಲ್ಲಿ ಹಿಡಿಯುವುದು ಹೇಗೆ? ನುಣ್ಣಗೆ ಅರೆದು, ಹಲವು ಬಾರಿ ಬೆರೆಸಿ ಭಾಗಿಸಿ, ಪ್ರತಿ ವೇಗದಲ್ಲೂ ಮೂರು ಬಾರಿ ಅಳೆಯುವುದೊಂದೇ ದಾರಿ. ಮೂರೂ ರೇಖೆಗಳು ಒಂದರ ಮೇಲೊಂದು ಕೂರದಿದ್ದರೆ ಅದು ಉಪಕರಣದ ತಪ್ಪಲ್ಲದಿರಬಹುದು. ಸ್ಯಾಂಪಲ್ಲಿನೊಳಗಿನ ವೈವಿಧ್ಯವೇ ಅಷ್ಟಿರಬಹುದು. ಆ ಹರಡಿಕೆಯನ್ನು ಬಿಸಾಡಬೇಡಿ, ಕೊನೆಯ ಹೆಜ್ಜೆಯಲ್ಲಿ ಬೇಕಾಗುತ್ತದೆ.

ಖಾಲಿ ಬಟ್ಟಲಿನ ಓಟವನ್ನೂ ಮಾಡಿ ಕಳೆಯಿರಿ, ಏಕೆಂದರೆ ಅನಿಲ ಬಿಸಿಯಾದಂತೆ ಅದರ ಸಾಂದ್ರತೆ ಇಳಿದು ತಕ್ಕಡಿಗೆ ಭಾರದ ಭ್ರಮೆ ಹುಟ್ಟುತ್ತದೆ. ಲೆಕ್ಕಕ್ಕೆ ಸ್ಯಾಂಪಲ್ಲಿನ ತಾಪಮಾನವನ್ನು ಬಳಸಿ. ಉಪಕರಣಕ್ಕೆ ನೀವು ಆಜ್ಞೆ ಕೊಟ್ಟ ತಾಪಮಾನ ಅಲ್ಲ.

ಹೆಜ್ಜೆ 4: ಶಕ್ತಿ ಒಂದೋ, ಹಲವೋ

ತೇವ ಹೋದ ಮೇಲಿನ ತೂಕವನ್ನು ಆರಂಭ ಎಂದು, ಇದ್ದಿಲು ಮತ್ತು ಬೂದಿ ಉಳಿದ ತೂಕವನ್ನು ಕೊನೆ ಎಂದು ಇಟ್ಟುಕೊಂಡು ಪರಿವರ್ತನೆಯನ್ನು ಸೊನ್ನೆಯಿಂದ ಒಂದರವರೆಗೆ ಬರೆಯಿರಿ. ಬಳಿಕ ಫ್ರೀಡ್‌ಮನ್ 1964ರಲ್ಲಿ ಕೊಟ್ಟ ವಿಧಾನ: ಪರಿವರ್ತನೆ 0.10 ಇರುವ ಬಿಂದುವನ್ನು ಪ್ರತಿ ಕಾಯಿಸುವ ವೇಗದ ರೇಖೆಯಲ್ಲೂ ಗುರುತಿಸಿ, ಅಲ್ಲಿನ ಕ್ರಿಯಾವೇಗದ ಸ್ವಾಭಾವಿಕ ಲಘುಗಣಕವನ್ನು ಕೆಲ್ವಿನ್ ತಾಪಮಾನದ ವಿಲೋಮದ ಎದುರು ಎಳೆಯಿರಿ. ನೇರರೇಖೆಯ ಇಳಿಜಾರನ್ನು 8.314ರಿಂದ ಗುಣಿಸಿ ಚಿಹ್ನೆ ಬದಲಿಸಿದರೆ ಆ ಪರಿವರ್ತನೆಯಲ್ಲಿನ ಸಕ್ರಿಯಣ ಶಕ್ತಿ ಮೋಲ್‌ಗೆ ಇಷ್ಟು ಜೂಲ್ ಎಂದು ಸಿಗುತ್ತದೆ. 0.15, 0.20 ಎಂದು 0.90ರವರೆಗೆ ಇದನ್ನೇ ಮಾಡಿ. ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಸಾಕು.

ಈ ವಿಧಾನದಲ್ಲಿ ಅಂದಾಜಿನ ಸೂತ್ರಗಳಿಲ್ಲ, ಆದರೆ ತೂಕದ ರೇಖೆಯ ಇಳಿಜಾರು ಬೇಕಾಗುವುದರಿಂದ ಸದ್ದು, ಅಂದರೆ ಅಳತೆಯ ಸಣ್ಣ ಏರಿಳಿತಗಳ ಗದ್ದಲ, ಹೆಚ್ಚು. ರೇಖೆಯನ್ನು ನಯಗೊಳಿಸುವಾಗ ಕೈ ಬಿಗಿ ಹಿಡಿಯಿರಿ. ಜಾಸ್ತಿ ನಯಗೊಳಿಸಿದರೆ ತೂಕ ಅತಿ ವೇಗವಾಗಿ ಇಳಿಯುವ ಶಿಖರವೇ ಚಪ್ಪಟೆಯಾಗಿ ಶಕ್ತಿ ತಪ್ಪಾಗುತ್ತದೆ. 1957ರ ಕಿಸಿಂಜರ್ ವಿಧಾನ ಶಿಖರದ ತಾಪಮಾನವನ್ನಷ್ಟೇ ನೋಡಿ ಇಡೀ ವಸ್ತುವಿಗೆ ಒಂದೇ ಶಕ್ತಿ ಕೊಡುತ್ತದೆ. ಕಸದಂಥ ಮಿಶ್ರಣಕ್ಕೆ ಅದನ್ನು ನಾನು ಬಳಸುವುದಿಲ್ಲ.

ಈಗ ಪರಿವರ್ತನೆಯ ಎದುರು ಶಕ್ತಿಯ ರೇಖೆ ನೋಡಿ. ಗರಿಷ್ಠಕ್ಕೂ ಕನಿಷ್ಠಕ್ಕೂ ಇರುವ ವ್ಯತ್ಯಾಸ ಸರಾಸರಿಯ ನೂರಕ್ಕೆ 10ರಿಂದ 20ರೊಳಗಿದ್ದರೆ ಒಂದೇ ಕ್ರಿಯೆ ಎಂದು ನಡೆಸಬಹುದು. ಶುದ್ಧ ಪಾಲಿಸ್ಟೈರೀನ್ ಇದಕ್ಕೆ ಹತ್ತಿರ ಬರುತ್ತದೆ. ನಗರದ ಕಸ ಎಂದೂ ಬರುವುದಿಲ್ಲ.

ಹೆಜ್ಜೆ 5: ಹೊಂದಿಸುವ ಕೆಲಸ, ಅದರೊಳಗಿನ ಬಲೆ

ಹಲವು ಸಮಾನಾಂತರ ಕ್ರಿಯೆಗಳು, ಪ್ರತಿಯೊಂದಕ್ಕೂ ಒಂದು ಶಕ್ತಿ, ಒಂದು ಪೂರ್ವಘಾತ ಗುಣಾಂಕ, ತೂಕದಲ್ಲಿ ಒಂದು ಪಾಲು. ಕಂಪ್ಯೂಟರ್ ಈ ಸಂಖ್ಯೆಗಳನ್ನು ಬದಲಿಸುತ್ತಾ ಅಳತೆಯ ರೇಖೆಗೆ ಹತ್ತಿರ ತರುತ್ತದೆ. ಇಷ್ಟೇ ಕೆಲಸ, ಮತ್ತು ಬಹುತೇಕ ಮಾದರಿಗಳು ಹಾಳಾಗುವುದು ಇಲ್ಲಿಯೇ.

ಲೆಕ್ಕ ಹಾಕಿ ನೋಡಿ. ಮೊದಲ ಜೋಡಿ ನಮ್ಮದೇ 240 ಕಿಲೋಜೂಲ್ ಮತ್ತು 10ರ 15ನೇ ಘಾತ. ಎರಡನೆಯ ಜೋಡಿ 180 ಕಿಲೋಜೂಲ್ ಮತ್ತು 4.6 ಗುಣಿಸು 10ರ 10ನೇ ಘಾತ. 450 ಡಿಗ್ರಿಯಲ್ಲಿ ಎರಡೂ ಒಂದೇ ವೇಗ ಕೊಡುತ್ತವೆ, ಸೆಕೆಂಡಿಗೆ ಸುಮಾರು 0.0046. ಒಂದೇ ಕಾಯಿಸುವ ವೇಗದ ರೇಖೆಯಲ್ಲಿ ಇಡೀ ಕ್ರಿಯೆ ಕೆಲವು ಹತ್ತು ಡಿಗ್ರಿಗಳೊಳಗೆ ಮುಗಿದುಹೋಗುತ್ತದೆ. ಎರಡನೆಯ ಜೋಡಿಯ ರೇಖೆ ತುಸು ಅಗಲವಾದರೂ ಕ್ರಿಯೆಯ ದರ್ಜೆಯನ್ನು ಸ್ವಲ್ಪ ತಿದ್ದಿದರೆ ಅದೂ ಅಚ್ಚುಕಟ್ಟಾಗಿ ಕೂರುತ್ತದೆ. ಈಗ ಎರಡನ್ನೂ 800 ಡಿಗ್ರಿಯ ರಿಯಾಕ್ಟರಿಗೆ ಒಯ್ಯಿರಿ. ಮೊದಲನೆಯದರ ವೇಗ ಎರಡನೆಯದಕ್ಕಿಂತ 26 ಪಟ್ಟು ಹೆಚ್ಚು. ಶಕ್ತಿ ಏರಿದಾಗ ಗುಣಾಂಕವೂ ಏರಿ ಒಂದು ಇನ್ನೊಂದರ ತಪ್ಪನ್ನು ಮುಚ್ಚುವ ಈ ಆಟಕ್ಕೆ ಪರಿಹಾರ ಪರಿಣಾಮ ಎಂದು ಹೆಸರು. ತವರಿನಲ್ಲಿ ಇಬ್ಬರೂ ಒಂದೇ ಎಂದು ಕಾಣುತ್ತಾರೆ, ಹೊರಗೆ ಹೋದಾಗಲೇ ಬಣ್ಣ ಬಯಲಾಗುವುದು.

ಇದರಿಂದ ತಪ್ಪಿಸಿಕೊಳ್ಳಲು ಎಲ್ಲ ಕಾಯಿಸುವ ವೇಗಗಳ ರೇಖೆಗಳನ್ನೂ ಒಟ್ಟಿಗೆ, ಒಂದೇ ಸಂಖ್ಯೆಗಳ ಗುಂಪಿನಿಂದ ಹೊಂದಿಸಿ. ಒಂದೊಂದು ವೇಗಕ್ಕೂ ಬೇರೆ ಬೇರೆ ಶಕ್ತಿ ಬರೆದ ಕೋಷ್ಟಕ ಕಂಡರೆ ಆ ಕೆಲಸವನ್ನು ನಂಬಬೇಡಿ. ಜೊತೆಗೆ, ಪೂರ್ವಘಾತ ಗುಣಾಂಕವನ್ನು ನೇರವಾಗಿ ಹುಡುಕಿಸುವ ಬದಲು, ಶಿಖರದ ಹತ್ತಿರದ ಒಂದು ಉಲ್ಲೇಖ ತಾಪಮಾನದಲ್ಲಿ ವೇಗಸ್ಥಿರಾಂಕದ ಲಘುಗಣಕವನ್ನು ಹುಡುಕಿಸಿ. ಶಕ್ತಿ ಮತ್ತು ಗುಣಾಂಕ ಒಂದಕ್ಕೊಂದು ಅಂಟಿಕೊಂಡಿರುವುದು ಆಗ ಬಹಳಷ್ಟು ಸಡಿಲವಾಗಿ ಹುಡುಕಾಟ ಸರಾಗವಾಗುತ್ತದೆ. ಆರಂಭದ ಊಹೆಯನ್ನು ಬದಲಿಸಿ ಕನಿಷ್ಠ ಐವತ್ತು ಬಾರಿ ಓಡಿಸಿ; ಪ್ರತಿ ಬಾರಿಯೂ ಬೇರೆ ಉತ್ತರ ಬಂದು ಹೊಂದಿಕೆ ಮಾತ್ರ ಒಂದೇ ಮಟ್ಟದಲ್ಲಿದ್ದರೆ ನಿಮ್ಮ ಕ್ರಿಯೆಗಳ ಸಂಖ್ಯೆ ಹೆಚ್ಚಾಗಿದೆ ಎಂದರ್ಥ. ಒಂದನ್ನು ತೆಗೆಯಿರಿ. ಒಂದು ಕಾಯಿಸುವ ವೇಗದ ರೇಖೆಯನ್ನು ಮೊದಲೇ ಬದಿಗಿಟ್ಟು, ಕೊನೆಯಲ್ಲಿ ಮಾದರಿ ಅದನ್ನು ಮುನ್ನುಡಿಯುತ್ತದೆಯೇ ನೋಡಿ.

ಲಿಗ್ನಿನ್‌ನಂತೆ ಎಳೆಯುವ ವಸ್ತುಗಳಿಗೆ ಒಂದೇ ಶಕ್ತಿಯ ಬದಲು ಶಕ್ತಿಗಳ ಹಂಚಿಕೆಯನ್ನೇ ಇಟ್ಟುಕೊಳ್ಳುವ ಮಾದರಿ ಚೆನ್ನಾಗಿ ಒಗ್ಗುತ್ತದೆ. ಕಲ್ಲಿದ್ದಲಿನ ಕೆಲಸದಲ್ಲಿ ಬೆಳೆದ ವಿಧಾನ ಅದು.

ಇಲ್ಲಿ ನನ್ನದೊಂದು ಪ್ರಮಾದ ಹೇಳಬೇಕು. ಒಮ್ಮೆ ಪ್ರಕಟಿತ ಕೋಷ್ಟಕದಿಂದ ಪೂರ್ವಘಾತ ಗುಣಾಂಕ ಎತ್ತಿಕೊಂಡೆ. ಅದು ನಿಮಿಷಕ್ಕೆ ಎಂದಿತ್ತು, ನಾನು ಸೆಕೆಂಡಿಗೆ ಎಂದು ಓದಿದೆ. 60 ಪಟ್ಟು ತಪ್ಪು. ಆದರೆ ತೆರೆಯ ಮೇಲೆ ಅದು ಅರವತ್ತು ಪಟ್ಟಿನ ತಪ್ಪಾಗಿ ಕಾಣಲಿಲ್ಲ. ಇಡೀ ರೇಖೆ 65, 70 ಡಿಗ್ರಿಯಷ್ಟು ಎಡಕ್ಕೆ ಸರಿದಿತ್ತು, ಅಷ್ಟೇ. ತಾಪಮಾನ ಅಳೆಯುವ ಉಷ್ಣಯುಗ್ಮದ ದೋಷವೆಂದು ಎರಡು ದಿನ ಹುಡುಕಿದೆ. ಈಗ ಪ್ರತಿ ಸ್ಥಿರಾಂಕದ ಪಕ್ಕ ಏಕಮಾನ ಬರೆಯದೆ ಕಡತ ಮುಚ್ಚುವುದಿಲ್ಲ.

ಹೆಜ್ಜೆ 6: ಆವಿಗೆ ಮುಂದೇನಾಗುತ್ತದೆ

ಘನದಿಂದ ಹೊರಟ ಆವಿ ಸುಮ್ಮನಿರುವುದಿಲ್ಲ, ಬಿಸಿ ವಲಯದಲ್ಲಿ ಮತ್ತೆ ಒಡೆಯುತ್ತದೆ. ಇದಕ್ಕೆ ಅನಿಲ ಹಂತದ ಕ್ರಿಯೆಗಳ ಪಟ್ಟಿ, ಅಂದರೆ ಯಾಂತ್ರಿಕತೆ ಬೇಕು. ಹೊಸಬರು ಥಟ್ಟನೆ ಕೈಹಾಕುವುದು ಜಿಆರ್‌ಐ ಮೆಕ್ 3.0ಕ್ಕೆ, 53 ಅಣುಗಳು, 325 ಕ್ರಿಯೆಗಳು, ಬಹುತೇಕ ತಂತ್ರಾಂಶಗಳಲ್ಲಿ ಸಿಗುತ್ತದೆ. ಆದರೆ ಅದರ ತವರು ನೈಸರ್ಗಿಕ ಅನಿಲದ ದಹನ. ಅದರಲ್ಲಿ ಬೆಂಜೀನ್ ಕೂಡ ಇಲ್ಲ. ಟಾರ್ ಬಗ್ಗೆ ಅದನ್ನು ಕೇಳಿದರೆ ಟಾರ್ ಇಲ್ಲ ಎಂಬ ಉತ್ತರವೇ ಬರುತ್ತದೆ. ಸಸ್ಯಮೂಲದ ಕಸಕ್ಕೆ ಮಿಲಾನ್ ಪಾಲಿಟೆಕ್ನಿಕ್‌ನ ಗುಂಪು ಕಟ್ಟಿರುವ ಯಾಂತ್ರಿಕತೆಗಳು ಹೆಚ್ಚು ಒಗ್ಗುತ್ತವೆ. ಅವು ಲಿಗ್ನಿನ್ ಅನ್ನು ಇಂಗಾಲ, ಜಲಜನಕ, ಆಮ್ಲಜನಕ ಹೆಚ್ಚಿರುವ ಮೂರು ಪ್ರತಿನಿಧಿ ಘಟಕಗಳಾಗಿ ಹಿಡಿಯುತ್ತವೆ.

ಅನಿಲೀಕರಣವಾದರೆ ಇದ್ದಿಲಿನ ಕ್ರಿಯೆಗಳನ್ನೂ ಸೇರಿಸಿ. ಇಂಗಾಲದ ಡೈಆಕ್ಸೈಡ್ ಜೊತೆಗಿನದು ಮೋಲ್‌ಗೆ 172 ಕಿಲೋಜೂಲ್, ಹಬೆಯ ಜೊತೆಗಿನದು 131 ಕಿಲೋಜೂಲ್ ಶಾಖ ಹೀರುತ್ತದೆ. ಎರಡೂ ನಿಧಾನ, ಮತ್ತು ಬೂದಿಯಲ್ಲಿನ ಪೊಟ್ಯಾಸಿಯಂ, ಕ್ಯಾಲ್ಸಿಯಂ ಇವಕ್ಕೆ ವೇಗವರ್ಧಕವಾಗುತ್ತವೆ. ಹಾಗಾಗಿ ಒಂದು ಕಸದ ಇದ್ದಿಲಿನ ಸ್ಥಿರಾಂಕ ಇನ್ನೊಂದಕ್ಕೆ ಸಲ್ಲುವುದಿಲ್ಲ.

ಹೆಜ್ಜೆ 7: ಲೆಕ್ಕ ಬಿಡಿಸುವುದು

ರಾಸಾಯನಿಕ ಕ್ರಿಯೆಗಳ ಲೆಕ್ಕಕ್ಕಿರುವ ಮುಕ್ತ ತಂತ್ರಾಂಶವಾದ ಕ್ಯಾಂಟೆರಾ ಪೈಥಾನ್‌ನಿಂದಲೇ ನಡೆಯುತ್ತದೆ. ಕೆಮ್‌ಕಿನ್ ಎಂಬ ಹಳೆಯ ತಂತ್ರಾಂಶದ ರೂಪದಲ್ಲಿರುವ ಕಡತಗಳನ್ನು ತನ್ನ ರೂಪಕ್ಕೆ ಬದಲಿಸಿಕೊಳ್ಳುವ ಸಾಧನವೂ ಅದರಲ್ಲಿದೆ. ಸಮೀಕರಣಗಳನ್ನು ನೀವೇ ಬರೆದು ಪೈಥಾನ್‌ನ ಗಣಿತ ಸಾಧನಗಳ ಸಂಗ್ರಹವಾದ ಸೈಪೈಯಲ್ಲಿ ಬಿಡಿಸುವುದಾದರೆ ಎರಡು ವಿಷಯ ಗಮನಿಸಿ.

ಮೊದಲನೆಯದು ಬಿಗಿತ, ಅಂದರೆ ಅತಿ ವೇಗದ ಕ್ರಿಯೆಗಳೂ ಅತಿ ನಿಧಾನದವೂ ಒಂದೇ ಲೆಕ್ಕದಲ್ಲಿರುವುದು. ಅತಿ ವೇಗದ ಮುಕ್ತ ಮೂಲಕದ (ಥಟ್ಟನೆ ಕ್ರಿಯೆಗಿಳಿಯುವ ಅಣುವಿನ ತುಣುಕು) ವೇಗಸ್ಥಿರಾಂಕ ಸೆಕೆಂಡಿಗೆ 10ರ 9ನೇ ಘಾತ ಎಂದುಕೊಳ್ಳಿ. ಸರಳ ಆಯ್ಲರ್ ವಿಧಾನ ಸಿಡಿಯದೆ ಉಳಿಯಬೇಕಾದರೆ ಕಾಲದ ಹೆಜ್ಜೆ ಎರಡು ನ್ಯಾನೊಸೆಕೆಂಡ್ ಮೀರುವಂತಿಲ್ಲ. ಎರಡು ಸೆಕೆಂಡಿನ ಕಥೆಗೆ ನೂರು ಕೋಟಿ ಹೆಜ್ಜೆ. ಹಿಂದುಮುಖ ವ್ಯತ್ಯಾಸ ಸೂತ್ರಗಳಂಥ (ಬಿಡಿಎಫ್) ವಿಧಾನಗಳು ಇದನ್ನು ಕೆಲವು ನೂರು ಅಥವಾ ಸಾವಿರ ಹೆಜ್ಜೆಗಳಲ್ಲಿ ಮುಗಿಸುತ್ತವೆ. ಸೈಪೈಯ solve_ivp ಎಂಬ ಕಾರ್ಯ ನೀವು ಏನನ್ನೂ ಹೇಳದಿದ್ದರೆ ರುಂಗೆ ಕುಟ್ಟ ವಿಧಾನವನ್ನೇ ಹಿಡಿಯುತ್ತದೆ. ಬಿಡಿಎಫ್ ಅಥವಾ ರಾಡೌ ಎಂದು ನೀವೇ ಬರೆಯಬೇಕು.

ಎರಡನೆಯದು ಸಹಿಷ್ಣುತೆಯ ಮಿತಿ, ಅಂದರೆ ಲೆಕ್ಕದಲ್ಲಿ ಎಷ್ಟು ತಪ್ಪನ್ನು ಸಹಿಸಬಹುದು ಎಂಬುದು. ಅದೇ ಕಾರ್ಯದ ಸ್ವಯಂ ನಿಗದಿತ ನಿರಪೇಕ್ಷ ಮಿತಿ ಹತ್ತು ಲಕ್ಷದಲ್ಲಿ ಒಂದು. ಮುಕ್ತ ಮೂಲಕದ ಪಾಲು ಸಾವಿರ ಕೋಟಿಯಲ್ಲಿ ಒಂದಿದ್ದರೆ ಬಿಡಿಸುವ ಯಂತ್ರ ಅದನ್ನು ಸೊನ್ನೆಯೆಂದೇ ನಡೆಸುತ್ತದೆ, ಇಡೀ ಸರಪಳಿ ಕ್ರಿಯೆ ಸದ್ದಿಲ್ಲದೆ ಸತ್ತುಹೋಗುತ್ತದೆ. ಮಿತಿಯನ್ನು 10ರ ಋಣ 15ನೇ ಘಾತದ ಸುತ್ತ ಇಡಿ. ಪ್ರತಿ ಓಟದ ಕೊನೆಗೆ ಧಾತುಗಳನ್ನು ಎಣಿಸಿ. ಒಳಗೆ ಹೋದ ಇಂಗಾಲದ ಪರಮಾಣುಗಳು ಹೊರಗೂ ಅಷ್ಟೇ ಇರಬೇಕು. ಇಲ್ಲದಿದ್ದರೆ ಯಾವುದೋ ಕ್ರಿಯೆಯ ಸಮೀಕರಣ ಸರಿದೂಗಿಲ್ಲ.

ಹೆಜ್ಜೆ 8: ಮಿಲಿಗ್ರಾಂನಿಂದ ಗಡ್ಡೆಗೆ

ಪುಡಿಯ ಸ್ಥಿರಾಂಕವನ್ನು ಗಡ್ಡೆಗೆ ಹಾಕುವ ಮೊದಲು ಒಂದು ಚೀಟಿಯ ಹಿಂಬದಿಯ ಲೆಕ್ಕ ಮಾಡಿ. ಪ್ಲಾಸ್ಟಿಕ್‌ನಲ್ಲಿ ಶಾಖ ಹರಡುವ ಗುಣಾಂಕ ಸೆಕೆಂಡಿಗೆ ಸುಮಾರು 10ರ ಋಣ 7ನೇ ಘಾತದಷ್ಟು ಚದರ ಮೀಟರ್. ಎರಡು ಸೆಂಟಿಮೀಟರ್ ದಪ್ಪದ ಗಡ್ಡೆಯಲ್ಲಿ ಶಾಖ ನಡುಭಾಗ ಮುಟ್ಟಲು ಒಂದು ಸೆಂಟಿಮೀಟರ್ ಹೋಗಬೇಕು. ದೂರದ ವರ್ಗವನ್ನು ಗುಣಾಂಕದಿಂದ ಭಾಗಿಸಿದರೆ 1000 ಸೆಕೆಂಡು. 500 ಡಿಗ್ರಿಯಲ್ಲಿ ಕ್ರಿಯೆಯ ಅರ್ಧಾಯುಷ್ಯ 11 ಸೆಕೆಂಡು ಎಂದು ಮೊದಲೇ ನೋಡಿದ್ದೇವೆ. ಈ ಗಡ್ಡೆಯ ವೇಗವನ್ನು ಶಾಖ ನಿರ್ಧರಿಸುತ್ತದೆ. ಸಕ್ರಿಯಣ ಶಕ್ತಿಯನ್ನು ಮೂರನೆಯ ದಶಮಾಂಶದವರೆಗೆ ತಿದ್ದಿದರೂ ಉತ್ತರ ಅಲುಗದು. ಅದೇ ಪ್ಲಾಸ್ಟಿಕ್ಕನ್ನು ಎರಡು ಮಿಲಿಮೀಟರ್ ಹಾಳೆಯಾಗಿ ಮಾಡಿದರೆ ಶಾಖಕ್ಕೆ 10 ಸೆಕೆಂಡು, ಕ್ರಿಯೆಗೆ 11. ಆಗ ಎರಡನ್ನೂ ಒಟ್ಟಿಗೆ ಬಿಡಿಸಲೇಬೇಕು, ಕರಗುವಿಕೆ ಮತ್ತು ವಿಘಟನೆ ಹೀರುವ ಶಾಖವನ್ನೂ ಸೇರಿಸಿ. ಹೊರಮೈಗೆ ಶಾಖ ತಲುಪುವುದೇ ನಿಧಾನವೋ, ಒಳಗೆ ಹರಡುವುದು ನಿಧಾನವೋ ಎಂಬುದನ್ನು ಬಯೋ ಸಂಖ್ಯೆ ಹೇಳುತ್ತದೆ, ಅದು 0.1ಕ್ಕಿಂತ ಕಡಿಮೆಯಿದ್ದರೆ ಕಣದೊಳಗೆಲ್ಲ ಒಂದೇ ತಾಪಮಾನ ಎಂದು ಹಿಡಿಯಬಹುದು.

ಹೆಜ್ಜೆ 9: ಪರೀಕ್ಷೆ ಮತ್ತು ಕಡತ

ಮೂರನೇ ಹೆಜ್ಜೆಯಲ್ಲಿ ಉಳಿಸಿಕೊಂಡ ಪುನರಾವರ್ತಿತ ಅಳತೆಗಳನ್ನು ಈಗ ತೆಗೆಯಿರಿ. ಅವುಗಳಿಂದ ಬೇರೆ ಬೇರೆ ಗುಂಪುಗಳನ್ನು ಆರಿಸಿ ಹೊಂದಿಕೆಯನ್ನು ನೂರಾರು ಬಾರಿ ಮಾಡಿದರೆ ಶಕ್ತಿ ಮತ್ತು ಗುಣಾಂಕದ ಜೋಡಿಗಳ ಒಂದು ಮೋಡ ಸಿಗುತ್ತದೆ. ಆ ಮೋಡದ ಪ್ರತಿ ಜೋಡಿಯನ್ನೂ ರಿಯಾಕ್ಟರ್ ಮಾದರಿಯಲ್ಲಿ ಓಡಿಸಿ. ಉತ್ತರ ಒಂದು ರೇಖೆಯಾಗದೆ ಒಂದು ಅಗಲದ ಪಟ್ಟೆಯಾಗಿ ಬರುತ್ತದೆ. ಜೋಡಿಯನ್ನು ಮಾತ್ರ ಮುರಿಯಬೇಡಿ. ಒಂದರಿಂದ ಶಕ್ತಿ, ಇನ್ನೊಂದರಿಂದ ಗುಣಾಂಕ ಎತ್ತಿಕೊಂಡರೆ ಲೇಖನದ ಮೊದಲ ಪ್ಯಾರಾದಲ್ಲಿ ಕಂಡ ಏಳು ಪಟ್ಟಿನ ತಪ್ಪು ಮತ್ತೆ ಬಾಗಿಲಲ್ಲಿ ನಿಂತಿರುತ್ತದೆ.

ಪಟ್ಟೆ ತೀರಾ ಅಗಲವಾಗಿದ್ದರೆ ಸಂವೇದನೆಯ ಲೆಕ್ಕ ಮಾಡಿ: ಪ್ರತಿ ವೇಗಸ್ಥಿರಾಂಕವನ್ನು ನೂರಕ್ಕೆ ಒಂದರಷ್ಟು ಏರಿಸಿ ಉತ್ತರ ಎಷ್ಟು ಸರಿಯುತ್ತದೆ ನೋಡಿ. ನೂರಾರು ಕ್ರಿಯೆಗಳಲ್ಲಿ ನಿಜವಾಗಿ ಫಲಿತಾಂಶವನ್ನು ಎಳೆದಾಡುವವು ಸಾಮಾನ್ಯವಾಗಿ ಬೆರಳೆಣಿಕೆಯಷ್ಟು. ಮುಂದಿನ ಪ್ರಯೋಗದ ಹಣವನ್ನು ಅವುಗಳ ಮೇಲೆ ಹಾಕಿ.

ಕಡತವನ್ನು ಬೇರೆಯವರಿಗೆ ಕೊಡುವಾಗ ಪ್ರತಿ ಜೋಡಿಯ ಎದುರು ಐದು ಕಲಂ ಇರಲಿ: ಏಕಮಾನ, ಅಳತೆ ನಡೆದ ತಾಪಮಾನದ ವ್ಯಾಪ್ತಿ, ಕಾಯಿಸುವ ವೇಗಗಳು, ಸ್ಯಾಂಪಲ್ಲಿನ ತೂಕ, ಪಾಲುಗಳನ್ನು ಒಣ ಆಧಾರದಲ್ಲಿ ಬರೆದಿದೆಯೋ ಹಸಿಯಲ್ಲಿಯೋ ಎಂಬುದು. ಮಾದರಿ ಆ ವ್ಯಾಪ್ತಿಯ ಹೊರಗೆ ಓಡಿದಾಗ ತೆರೆಯ ಮೇಲೆ ಎಚ್ಚರಿಕೆ ಬರುವಂತೆ ಒಂದು ಸಾಲನ್ನೂ ಸೇರಿಸಿಬಿಡಿ.